ಇಳಿಜಾರಿನಲ್ಲಿ ನಿಲ್ಲದ ಹ್ಯಾಂಡ್‌ಬ್ರೇಕ್: ಒಂದು ಫೋರ್ ವೀಲ್ ಡ್ರೈವ್ ಗಾಡಿಯ ಪ್ರಕರಣ

ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ ಎಂದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಕೇಬಲ್ಲಿನ ನಟ್ಟಿಗೆ. ನಾಲ್ಕು ಸುತ್ತು ಬಿಗಿದರೆ ಲಿವರ್ ಗಟ್ಟಿಯಾಗುತ್ತದೆ, ಕೆಲಸ ಮುಗಿಯಿತು ಅನ್ನಿಸುತ್ತದೆ. ಇಲ್ಲಿ ಬರೆಯುತ್ತಿರುವ ಗಾಡಿಗೆ ಈ ಉಪಚಾರ ಆಗಲೇ ಆಗಿತ್ತು. ಹೊಸ ಕೇಬಲ್ಲೂ ಬಿದ್ದಿತ್ತು. ಆದರೂ ಸಾಮಾನು ತುಂಬಿಕೊಂಡು ದಿಬ್ಬದಲ್ಲಿ ನಿಂತರೆ ಹಿಂದಕ್ಕೆ ಸರಿಯುತ್ತಿತ್ತು. ತೊಂದರೆ ಇದ್ದದ್ದು ಚಕ್ರದ ಹತ್ತಿರ; ಕೇಬಲ್ ಬಿಗಿದದ್ದರಿಂದ ಅದು ಕಣ್ಣಿಗೆ ಬೀಳದಂತಾಗಿತ್ತು, ಜೊತೆಗೆ ಇನ್ನಷ್ಟು ಹದಗೆಟ್ಟಿತ್ತು.

ಗಾಡಿ ಹಳೆಯ ಡೀಸೆಲ್. ಲ್ಯಾಡರ್ ಚಾಸಿ, ಹಿಂದೆ ಲೀಫ್ ಸ್ಪ್ರಿಂಗ್ ಮೇಲೆ ಕೂತ ಸಾಲಿಡ್ ಆಕ್ಸಲ್, ಬೇಕಾದಾಗ ಮಾತ್ರ ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಟ್ರಾನ್ಸ್‌ಫರ್ ಕೇಸ್. ಅದರ ಲಿವರಿನಲ್ಲಿ ‘ಟೂ ಹೈ’ ಎಂದರೆ ಹಿಂದಿನ ಎರಡೇ ಚಕ್ರಗಳಿಗೆ ಶಕ್ತಿ, ‘ಫೋರ್ ಲೋ’ ಎಂದರೆ ನಾಲ್ಕೂ ಚಕ್ರಗಳಿಗೆ, ನಿಧಾನದ ಗೇರಿನಲ್ಲಿ. ಹಿಂದೆ ಡ್ರಮ್ ಬ್ರೇಕು, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಎರಡು ಬಾಗಿದ ಶೂಗಳು ಒತ್ತಿ ಹಿಡಿಯುವ ಬಗೆ. ಸೀಟುಗಳ ನಡುವಿನ ಲಿವರಿನಿಂದ ಒಂದು ಕೇಬಲ್ ಚಾಸಿಯ ಕೆಳಗಿನ ಈಕ್ವಲೈಸರಿಗೆ ಬರುತ್ತದೆ. ಅಲ್ಲಿಂದ ಎರಡು ಕೇಬಲ್ ಎಡಬಲದ ಬ್ಯಾಕ್ ಪ್ಲೇಟಿನ (ಡ್ರಮ್ಮಿನ ಹಿಂಬದಿ ಮುಚ್ಚುವ ತಗಡು) ಹಿಂದಿರುವ ಬೆಲ್ ಕ್ರ್ಯಾಂಕಿಗೆ ಹೋಗುತ್ತವೆ. ಬೆಲ್ ಕ್ರ್ಯಾಂಕ್ ಎಂದರೆ ಪಿನ್ನಿನ ಮೇಲೆ ತಿರುಗುವ ಸಣ್ಣ ತೋಳು. ಕೇಬಲ್ಲಿನ ಎಳೆತವನ್ನು ಅದು ತೊಂಬತ್ತು ಡಿಗ್ರಿ ತಿರುಗಿಸಿ ಡ್ರಮ್ಮಿನ ಒಳಗಿನ ಲಿವರಿಗೆ ಕೊಡುತ್ತದೆ, ಆ ಲಿವರ್ ಎರಡು ಶೂಗಳನ್ನು ಅಗಲಿಸುತ್ತದೆ. ಈ ತೋಳು ಹೊರಗೆ ಬಯಲಿನಲ್ಲೇ ಇರುತ್ತದೆ. ಹಿಂದಿನ ಟೈರು ಎರಚುವ ಕೆಸರೆಲ್ಲ ಬಂದು ಬೀಳುವುದು ಅದರ ಮೇಲೆಯೇ.

ಮಾಲೀಕರು ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದರು, ದೊಡ್ಡ ಟೈರ್ ಹಾಕಿದ್ದರು. ಪ್ರವಾಸದ ಸಾಮಾನು ತುಂಬಿದಾಗ ತೂಕ 2,200 ಕೆ.ಜಿ. ಹತ್ತಿರ.

“ಸಮತಟ್ಟಲ್ಲಿ ನಿಲ್ಲುತ್ತೆ ಸಾರ್. ಫೋರ್ ಲೋ ಹಾಕಿದ್ರೆ ದಿಬ್ಬದಲ್ಲೂ ನಿಲ್ಲುತ್ತೆ. ಟೂ ಹೈನಲ್ಲಿ ಮಾತ್ರ ನಂಬೋಕಾಗಲ್ಲ. ಅದಕ್ಕೇ ಎಳೆಯೋದನ್ನೇ ಬಿಟ್ಟಿದ್ದೀನಿ, ಗೇರಲ್ಲೇ ನಿಲ್ಲಿಸ್ತೀನಿ,” ಎಂದರು. ಪೆಡಲ್ ಹೇಗಿದೆ ಎಂದು ಕೇಳಿದಾಗ, “ಸ್ವಲ್ಪ ಕೆಳಗೆ ಹೋಗುತ್ತೆ, ಎರಡನೇ ಸಲ ತುಳಿದರೆ ಮೇಲೆ ಬರುತ್ತೆ,” ಎಂದರು.

ಪೆಡಲಿನ ಮಾತು ಹ್ಯಾಂಡ್‌ಬ್ರೇಕಿನ ದೂರಿನ ಪಟ್ಟಿಯಲ್ಲಿ ಇರಲೇ ಇಲ್ಲ, ಕೇಳಿದ್ದಕ್ಕೆ ಬಂತು. ನನಗೆ ಅದೇ ಮೊದಲ ಸುಳಿವು. ಮೊದಲ ತುಳಿತಕ್ಕೆ ಕೆಳಗಿಳಿದು ಎರಡನೆಯದಕ್ಕೆ ಮೇಲೆ ಬರುವ ಪೆಡಲ್ ಬಹುಮಟ್ಟಿಗೆ ಹೇಳುವುದು ಒಂದೇ ಸಂಗತಿ: ಹಿಂದಿನ ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಜಾಸ್ತಿಯಾಗಿದೆ, ಆ ಅಂತರವನ್ನು ಸರಿದೂಗಿಸುವ ಅಡ್ಜಸ್ಟರ್ ತನ್ನ ಕೆಲಸ ಮಾಡುತ್ತಿಲ್ಲ.

ಗೇರಿನಲ್ಲಿ ನಿಲ್ಲಿಸಿದರೆ ಸಾಲದೇ?

ಸಾಲದು. ಗೇರಿನಲ್ಲಿ ನಿಂತ ಗಾಡಿಯನ್ನು ಹಿಡಿದಿರುವುದು ಎಂಜಿನ್ನಿನ ಕಂಪ್ರೆಷನ್. ಅದು ಪಿಸ್ಟನ್ ರಿಂಗುಗಳ ಸಂದಿಯಿಂದ ನಿಧಾನವಾಗಿ ಸೋರುತ್ತದೆ. ಒತ್ತಡ ಇಳಿದಾಗ ಎಂಜಿನ್ ಒಂದಿಷ್ಟು ತಿರುಗುತ್ತದೆ, ಮುಂದಿನ ಸಿಲಿಂಡರ್ ಹಿಡಿಯುತ್ತದೆ, ಅದೂ ಸೋರುತ್ತದೆ. ಕಡಿದಾದ ಜಾಗದಲ್ಲಿ ಗಾಡಿ ಹೀಗೆ ಹಂತ ಹಂತವಾಗಿ ಜಾರುತ್ತದೆ. ಫೋರ್ ಲೋನಲ್ಲಿ ಗೇರಿನ ಅನುಪಾತ ದೊಡ್ಡದಾದ್ದರಿಂದ ಈ ಹಿಡಿತ ಎಷ್ಟೋ ಪಟ್ಟು ಹೆಚ್ಚು. ಮಾಲೀಕರು ಫೋರ್ ಲೋನಲ್ಲಿ ಕಂಡ ಧೈರ್ಯ ಇದರದ್ದು, ಹ್ಯಾಂಡ್‌ಬ್ರೇಕಿನದ್ದಲ್ಲ.

ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ಟ್ರಾನ್ಸ್‌ಫರ್ ಕೇಸಿನ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಗೇರ್ ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಮ್ಯಾನುಯಲ್ ಗಾಡಿ ಮೊದಲ ಗೇರಿನಲ್ಲಿದ್ದರೂ, ಆಟೊಮ್ಯಾಟಿಕ್ ಗಾಡಿ ‘ಪಿ’ಯಲ್ಲಿದ್ದರೂ ಉರುಳುತ್ತದೆ. ಟೂ ಹೈನಿಂದ ಫೋರ್ ಲೋಗೆ ಹೋಗುವಾಗ ಲಿವರ್ ಈ ನ್ಯೂಟ್ರಲ್ ದಾಟಿಯೇ ಹೋಗಬೇಕು. ದಿಬ್ಬದ ನಡುವೆ ಎಂಜಿನ್ ನಿಂತು ಚಾಲಕ ಲೋ ರೇಂಜಿಗೆ ಬದಲಾಯಿಸಲು ಹೊರಟರೆ ಆ ಗಳಿಗೆಯಲ್ಲಿ ಗಾಡಿಯನ್ನು ಹಿಡಿಯುವುದು ಬ್ರೇಕ್ ಮಾತ್ರ. ಇಳಿದು ವಿಂಚಿನ (ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಯಂತ್ರ) ಹಗ್ಗ ಎಳೆಯಬೇಕು, ಚಕ್ರಕ್ಕೆ ಕಲ್ಲು ಕೊಡಬೇಕು ಎಂದರೆ ಪೆಡಲ್ ಮೇಲೆ ಕಾಲೂ ಇರುವುದಿಲ್ಲ. ರಸ್ತೆಯ ಕಾರಿಗಿಂತ ಇಂಥ ಗಾಡಿಗೆ ಹ್ಯಾಂಡ್‌ಬ್ರೇಕ್ ಹೆಚ್ಚು ಮುಖ್ಯ. ಆದರೆ ಕೆಸರು, ನೀರು, ಚಕ್ರದ ಏರಿಳಿತಗಳಿಂದಾಗಿ ಅದು ಬೇಗ ಹಾಳಾಗುವುದೂ ಇಂಥ ಗಾಡಿಯಲ್ಲೇ.

ಬಿಚ್ಚುವ ಮೊದಲಿನ ಪರೀಕ್ಷೆ

ಹಿಡಿತ ಎಷ್ಟಿರಬೇಕು ಎಂಬುದಕ್ಕೆ ಅಳತೆ ಬೇಕು. ಪ್ರಯಾಣಿಕ ಕಾರುಗಳ ಬ್ರೇಕಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 13-ಎಚ್ ನಿಯಮ, ಪೂರ್ತಿ ತುಂಬಿದ ಗಾಡಿ 20% ಏರಿನಲ್ಲೂ ಇಳಿಜಾರಿನಲ್ಲೂ ನಿಲ್ಲಬೇಕು, ಕೈಯಿಂದ ಎಳೆಯುವ ಬಲ 400 ನ್ಯೂಟನ್ ಮೀರಬಾರದು ಎನ್ನುತ್ತದೆ. 400 ನ್ಯೂಟನ್ ಅಂದರೆ ಸುಮಾರು 40 ಕೆ.ಜಿ. ಎಳೆತ. ಅಮೆರಿಕದ ವಾಹನ ಸುರಕ್ಷತೆಯ 135ನೇ ಮಾನಕವೂ ಇದೇ 20% ಇಳಿಜಾರನ್ನು ಹೇಳುತ್ತದೆ, ಐದು ನಿಮಿಷ ನಿಲ್ಲಬೇಕು ಎನ್ನುತ್ತದೆ. 20% ಎಂದರೆ ನೂರು ಅಡಿ ಮುಂದೆ ಹೋದರೆ ಇಪ್ಪತ್ತು ಅಡಿ ಏರು, ಕೋನದಲ್ಲಿ 11.3 ಡಿಗ್ರಿ. ಕಾಡುದಾರಿಯ ಮಟ್ಟಿಗೆ ಇದು ಬಹಳ ಕಡಿದಲ್ಲ. ಅಷ್ಟನ್ನೂ ಹಿಡಿಯದ ಬ್ರೇಕನ್ನು ಅದಕ್ಕಿಂತ ಕಡಿದಾದ ಕಡೆ ನಂಬುವಂತಿಲ್ಲ.

ಲೆಕ್ಕ ಹಾಕಿ ನೋಡಿದರೆ, 2,200 ಕೆ.ಜಿ. ಗಾಡಿಯನ್ನು 20% ಇಳಿಜಾರು ಸುಮಾರು 431 ಕೆ.ಜಿ. ಬಲದಿಂದ ಕೆಳಕ್ಕೆ ಎಳೆಯುತ್ತದೆ. ಹಳೆಯ ಟೈರಿನ ತ್ರಿಜ್ಯ 0.36 ಮೀಟರ್, ಈಗಿನದು 0.40. ಹಳೆಯ ಟೈರಿನಲ್ಲಿ ಎರಡು ಹಿಂದಿನ ಚಕ್ರಗಳು ಸೇರಿ ತಡೆಯಬೇಕಿದ್ದ ಟಾರ್ಕ್ (ತಿರುಗಿಸುವ ಬಲ) ಸುಮಾರು 1,520 ನ್ಯೂಟನ್ ಮೀಟರ್. ಹೊಸ ಟೈರಿನಲ್ಲಿ ಅದು 1,690. ಟೈರ್ ಬದಲಾಯಿಸಿದ ಒಂದೇ ಕಾರಣಕ್ಕೆ ಬ್ರೇಕಿನ ಹೊರೆ 11% ಏರಿದೆ. ಟೈರ್ ಹಾಕಿಸುವಾಗ ಚೆಂದ ನೋಡುತ್ತಾರೆ, ನೆಲದಿಂದ ಎಷ್ಟು ಎತ್ತರ ಸಿಕ್ಕಿತೆಂದು ನೋಡುತ್ತಾರೆ. ಬ್ರೇಕಿನ ಲೆಕ್ಕ ಹಾಕುವವರು ಕಡಿಮೆ. ಹಾಕಲೇಬೇಕಾದ ಲೆಕ್ಕ ಅದು.

ಪರೀಕ್ಷೆಗೆ ಅಷ್ಟೇ ಕೋನದ, ಗಟ್ಟಿ ನೆಲದ ಇಳಿಜಾರು ಆರಿಸಿಕೊಂಡೆವು. ಟ್ರಾನ್ಸ್‌ಫರ್ ಕೇಸ್ ಟೂ ಹೈನಲ್ಲಿ, ಗೇರ್ ನ್ಯೂಟ್ರಲ್‌ನಲ್ಲಿ. ಹಿಡಿದರೆ ಹ್ಯಾಂಡ್‌ಬ್ರೇಕೇ ಹಿಡಿಯಬೇಕು, ಬೇರೆ ಯಾವುದೂ ನೆರವಿಗೆ ಬರಬಾರದು. ಚಕ್ರಗಳಿಂದ ಒಂದು ಗೇಣು ಕೆಳಗೆ ಮರದ ಅಡೆ ಇಟ್ಟಿದ್ದೆವು, ಸೀಟಿನಲ್ಲಿ ಒಬ್ಬರು ಪೆಡಲಿನ ಮೇಲೆ ಕಾಲಿಟ್ಟು ಸಿದ್ಧರಾಗಿದ್ದರು. ಎರಡೂ ಹಿಂದಿನ ಟೈರಿನ ಪಕ್ಕಕ್ಕೆ, ನೆಲಕ್ಕೆ ನೇರವಾಗಿ, ಸೀಮೆಸುಣ್ಣದ ಗೆರೆ. ಗಾಡಿ ಸರಿದಾಗ ಗೆರೆ ತಿರುಗಿದ್ದರೆ ಬ್ರೇಕ್ ಹಿಡಿಯಲಿಲ್ಲ. ಗೆರೆ ಇದ್ದಲ್ಲೇ ಇದ್ದು ಗಾಡಿ ಸರಿದಿದ್ದರೆ ಬ್ರೇಕ್ ಸರಿಯಾಗಿದೆ, ಟೈರು ಜಾರಿದೆ. ಇವೆರಡಕ್ಕೂ ಬೇರೆ ಬೇರೆ ಪರಿಹಾರ. ಈ ವ್ಯತ್ಯಾಸ ತಿಳಿಯದೆ ಬ್ರೇಕ್ ಬಿಚ್ಚಿದರೆ ಕೆಲಸವೆಲ್ಲ ವ್ಯರ್ಥ.

ಲಿವರ್ ಐದು ಕ್ಲಿಕ್‌ಗೇ ಮೇಲೇಳದಷ್ಟು ಗಟ್ಟಿಯಾಯಿತು. ಲಿವರ್ ನೋಡಿದವರು ಬ್ರೇಕ್ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಮೂತಿ ಮೇಲೆ ಮಾಡಿ ನಿಲ್ಲಿಸಿ ಪೆಡಲ್ ಬಿಟ್ಟ ಕೂಡಲೇ ಗಾಡಿ ಹಿಂದಕ್ಕೆ ಉರುಳಿ ಅಡೆಗೆ ಕೂತಿತು. ಎರಡೂ ಗೆರೆ ತಿರುಗಿದ್ದವು.

ಆಮೇಲೆ ಸಮತಟ್ಟಾದ ನೆಲಕ್ಕೆ ತಂದು, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಹಿಂದಿನ ಆಕ್ಸಲನ್ನು ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಹ್ಯಾಂಡ್‌ಬ್ರೇಕನ್ನು ಪೂರ್ತಿ ಎಳೆದು ಒಂದೊಂದೇ ಚಕ್ರ ತಿರುಗಿಸಿ ನೋಡಿದೆ. ಎಡದ್ದು ಬಿಗಿ. ಬಲದ್ದು ಬ್ರೇಕ್ ಎಳೆದೇ ಇಲ್ಲವೇನೋ ಎಂಬಂತೆ ಸರಾಗವಾಗಿ ತಿರುಗಿತು. ಲಿವರ್ ಬಿಟ್ಟು ನೋಡಿದಾಗ ಎಡಚಕ್ರ ಇನ್ನೂ ಉಜ್ಜುತ್ತಿತ್ತು. ಬರುವ ದಾರಿಯಲ್ಲಿ ಎಡ ಡ್ರಮ್ ಬಲಕ್ಕಿಂತ ಸ್ಪಷ್ಟವಾಗಿ ಹೆಚ್ಚು ಬಿಸಿಯಾಗಿದ್ದಕ್ಕೂ ಇದು ತಾಳೆಯಾಯಿತು.

ಬಿಚ್ಚಿದಾಗ ಕಂಡದ್ದು

ಮೊದಲು ಎರಡೂ ಕೇಬಲ್ಲುಗಳನ್ನು ಬೆಲ್ ಕ್ರ್ಯಾಂಕಿನಿಂದ ಕಳಚಿದೆವು. ಇದನ್ನು ಡ್ರಮ್ ತೆಗೆಯುವ ಮೊದಲೇ ಮಾಡಬೇಕು, ಏಕೆಂದರೆ ತೋಳು ಕೈಯಿಂದ ಆಡುತ್ತದೋ ಇಲ್ಲವೋ ಎಂಬುದು ಆಗಲೇ ಗೊತ್ತಾಗುತ್ತದೆ. ಬಲಗಡೆಯ ತೋಳು ಸುತ್ತಿಗೆಯ ಪೆಟ್ಟಿಗೂ ಅಲ್ಲಾಡಲಿಲ್ಲ. ಪಿನ್ನಿನ ಸುತ್ತ ಕೆಸರು ಒಣಗಿ, ಒಳಗೆ ತುಕ್ಕು ಹಿಡಿದು, ಪಿನ್ನೂ ತೋಳೂ ಒಂದೇ ಲೋಹವಾಗಿ ಕೂತಿದ್ದವು. ಮೇಲಿನ ರಬ್ಬರ್ ಬೂಟ್ ಹರಿದು ಎಷ್ಟು ಕಾಲವಾಗಿತ್ತೋ.

ಈಕ್ವಲೈಸರ್ ಎಳೆತವನ್ನು ಎರಡು ಕೇಬಲ್ಲಿಗೆ ಸಮನಾಗಿ ಹಂಚುತ್ತದೆ. ಬಲಗಡೆಗೆ ಹೋದ ಅರ್ಧ ಎಳೆತ ತುಕ್ಕು ಹಿಡಿದ ಪಿನ್ನನ್ನು ಎಳೆಯುವುದರಲ್ಲೇ ಮುಗಿಯುತ್ತಿತ್ತು, ಶೂಗೆ ಏನೂ ತಲುಪುತ್ತಿರಲಿಲ್ಲ. ಕೈಗೆ ಮಾತ್ರ ಲಿವರ್ ಗಟ್ಟಿ.

ಈ ಬಗೆಯ ಬ್ರೇಕಿನಲ್ಲಿ ಸ್ವಯಂ ಹೊಂದಿಕೊಳ್ಳುವ ಅಡ್ಜಸ್ಟರ್ ಒಂದೊಂದು ಹಲ್ಲು ಮುಂದೆ ಹೋಗುವುದು ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟಾಗ. ಎಲ್ಲ ಗಾಡಿಗಳಲ್ಲಿ ಹೀಗಿಲ್ಲ. ಕೆಲವದರಲ್ಲಿ ಹಿಂದಕ್ಕೆ ಹೋಗುತ್ತ ಪೆಡಲ್ ತುಳಿದಾಗ ಹೊಂದಿಕೊಳ್ಳುತ್ತದೆ, ಹಾಗಾಗಿ ನಿಮ್ಮ ಗಾಡಿಯದ್ದು ಯಾವ ಬಗೆ ಎಂದು ಮೊದಲು ತಿಳಿದುಕೊಳ್ಳಿ. ಇಲ್ಲಿ ಬಲಗಡೆಯ ತೋಳು ಸತ್ತಿದ್ದರಿಂದ ಅಡ್ಜಸ್ಟರೂ ನಿಂತಿತ್ತು. ಶೂ ಮೇಲಿನ ಉಜ್ಜುವ ಪದರವಾದ ಲೈನರ್ ಸವೆದಷ್ಟೂ ಅಂತರ ಬೆಳೆಯಿತು, ಪೆಡಲ್ ತುಳಿದಾಗ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಆ ಅಂತರ ತುಂಬಲು ಹೆಚ್ಚು ದ್ರವ ಕೇಳಿತು, ಪೆಡಲ್ ಕೆಳಗಿಳಿಯಿತು. ಹ್ಯಾಂಡ್‌ಬ್ರೇಕಿನ ದೋಷವೇ ಕಾಲಿನ ಬ್ರೇಕಿಗೂ ದಾಟಿತ್ತು. ಬ್ರೇಕಿನ ಮೇಲೆ ನಂಬಿಕೆ ಹೋಗಿ ಮಾಲೀಕರು ಅದನ್ನು ಎಳೆಯುವುದನ್ನೇ ಬಿಟ್ಟಿದ್ದರಲ್ಲ, ಅಲ್ಲಿಂದ ಎಡಗಡೆಯ ಅಡ್ಜಸ್ಟರಿಗೂ ಕೆಲಸವಿಲ್ಲದಾಯಿತು.

ಎಡಗಡೆಯ ಕಥೆ ಬೇರೆ. ಅಲ್ಲಿ ತೋಳು ಆಡುತ್ತಿತ್ತು. ಆದರೆ ಕೇಬಲ್ ವಿಪರೀತ ಬಿಗಿದಿದ್ದರಿಂದ ತನ್ನ ಮೂಲಸ್ಥಾನಕ್ಕೆ ಮರಳಲು ಅದಕ್ಕೆ ಅವಕಾಶವೇ ಇರಲಿಲ್ಲ. ಒಳಗಿನ ಲಿವರ್ ಸದಾ ಅರ್ಧ ಎಳೆದ ಸ್ಥಿತಿಯಲ್ಲಿ, ಶೂ ಸದಾ ಡ್ರಮ್ಮಿಗೆ ತಾಗಿದ ಸ್ಥಿತಿಯಲ್ಲಿ. ಲಿವರ್ ಪೂರ್ತಿ ಹಿಂದಕ್ಕೆ ಬಂದರೆ ಮಾತ್ರ ಅಡ್ಜಸ್ಟರಿನ ಕೊಕ್ಕೆ ಮುಂದಿನ ಹಲ್ಲನ್ನು ಹಿಡಿಯುತ್ತದೆ, ಅದು ಬರುತ್ತಿರಲಿಲ್ಲ. ಡ್ರಮ್ ಬಿಚ್ಚಿದಾಗ ಲೈನರ್ ಮೇಲೆ ಗಾಜಿನ ಹೊಳಪು, ಅದರ ಮೇಲೆ ಕಪ್ಪು ಜಿಡ್ಡು. ಗೇರ್ ಆಯಿಲ್.

ಆಯಿಲ್ ಬಂದದ್ದು ಆಕ್ಸಲ್ ಸೀಲಿನಿಂದ. ಇಲ್ಲಿ ಸೀಲ್ ಬದಲಾಯಿಸಿ ಮುಚ್ಚಿಬಿಡುವುದು ಸುಲಭ, ಆದರೆ ಸೀಲ್ ಸೋತದ್ದಕ್ಕೆ ಕಾರಣ ಆಕ್ಸಲ್ ಮೇಲೆ ಗಾಳಿಯಾಡಲು ಇರುವ ಬ್ರೀದರ್. ಅದರ ತೂತು ಕೆಸರಿನಿಂದ ಪೂರ್ತಿ ಮುಚ್ಚಿತ್ತು. ಓಡಿ ಬಿಸಿಯಾದ ಆಕ್ಸಲ್ಲಿನೊಳಗೆ ಗಾಳಿ ಹಿಗ್ಗುತ್ತದೆ, ಹೊರಹೋಗಲು ದಾರಿಯಿಲ್ಲದೆ ಸೀಲಿನ ಅಂಚಿನಿಂದ ಆಯಿಲನ್ನು ತಳ್ಳುತ್ತದೆ. ಅದೇ ಬಿಸಿ ಆಕ್ಸಲ್ ಹೊಳೆಯ ನೀರಿಗಿಳಿದರೆ ಒಮ್ಮೆಲೇ ತಣ್ಣಗಾಗಿ ಒಳಗೆ ನಿರ್ವಾತ ಹುಟ್ಟುತ್ತದೆ, ಆಗ ಅದೇ ಅಂಚಿನಿಂದ ನೀರು ಒಳಕ್ಕೆ ಬರುತ್ತದೆ. ಡಿಫರೆನ್ಷಿಯಲ್ಲಿನ (ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ಆಯಿಲ್ ಇಳಿಸಿ ನೋಡಿದಾಗ ಅದು ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿತ್ತು. ಹೊಳೆ ದಾಟುವ ಯಾವ ಗಾಡಿಯಲ್ಲೇ ಆಗಲಿ, ಹಿಂದಿನ ಬ್ರೇಕಿನ ಮೇಲೆ ಆಯಿಲ್ ಕಂಡರೆ ಬ್ರೀದರ್ ನೋಡದೆ ಸೀಲ್ ಹಾಕಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಡ್ರಮ್ಮುಗಳ ಮೂಲ ಒಳವ್ಯಾಸ 254 ಮಿ.ಮೀ., ಮೇಲೆ ಅಚ್ಚಾಗಿದ್ದ ಗರಿಷ್ಠ ಮಿತಿ 256. ಎಡದ್ದು 254.9, ಬಲದ್ದು 255.2. ಇನ್ನೂ ಬಳಸಬಹುದು.

ಕೊನೆಯದಾಗಿ ಕೇಬಲ್. ಹೊಸದೇ, ಆದರೆ ಮೂಲ ಎತ್ತರದ ಗಾಡಿಗೆಂದು ಮಾಡಿದ ಉದ್ದ. ಗಾಡಿ ಎರಡು ಇಂಚು ಎದ್ದ ಮೇಲೆ ಚಾಸಿಗೂ ಆಕ್ಸಲ್ಲಿಗೂ ದೂರ ಹೆಚ್ಚಿದೆ. ಆಕ್ಸಲ್ ಪೂರ್ತಿ ಕೆಳಗೆ ಇಳಿಬಿದ್ದಾಗ ಹೊರಕವಚ ತಂತಿಯ ಹಾಗೆ ಸೆಟೆದುಕೊಳ್ಳುತ್ತಿತ್ತು. ಒಂದು ಚಕ್ರ ಗುಂಡಿಯಲ್ಲಿ ಇಳಿಬಿದ್ದಾಗ ಯಾರೂ ಲಿವರ್ ಮುಟ್ಟದಿದ್ದರೂ ಬ್ರೇಕ್ ಎಳೆದುಕೊಳ್ಳುತ್ತದೆ ಎಂದಾಯಿತು.

ಬದಲಿಸುವುದೋ, ಸರಿಪಡಿಸುವುದೋ

ಮಾಲೀಕರು ಹಿಂದಿನ ಬ್ರೇಕನ್ನೇ ಕಿತ್ತು ಬೇರೆ ವ್ಯವಸ್ಥೆ ಹಾಕುವ ಯೋಚನೆಯಲ್ಲಿದ್ದರು. ಅದನ್ನು ಹಗುರವಾಗಿ ತಳ್ಳಿಹಾಕಲಿಲ್ಲ, ಒಂದೊಂದನ್ನೂ ಕೂತು ನೋಡಿದೆವು.

ಟ್ರಾನ್ಸ್‌ಫರ್ ಕೇಸಿನ ಹಿಂದಿನ ತುದಿಯಲ್ಲಿ, ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೊರಡುವಲ್ಲಿ, ಒಂದೇ ಡ್ರಮ್ ಅಥವಾ ಡಿಸ್ಕ್ ಕೂರಿಸುವುದು ಹಳೆಯ ದಾರಿ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಹ್ಯಾಂಡ್‌ಬ್ರೇಕ್ ಅಲ್ಲೇ ಇತ್ತು. 1948ರ ಮೊದಲ ಲ್ಯಾಂಡ್ ರೋವರಿನಿಂದ ಹಿಡಿದು 2016ರ ಜನವರಿಯಲ್ಲಿ ತಯಾರಿ ನಿಂತ ಹಳೆಯ ಡಿಫೆಂಡರ್‌ವರೆಗೂ ಇದೇ ಪದ್ಧತಿ. ಇದರ ಗುಣ ದೊಡ್ಡದು: ಆಕ್ಸಲ್ಲಿನ ಗೇರ್ ಅನುಪಾತ ಬ್ರೇಕಿನ ಪರವಾಗಿ ದುಡಿಯುತ್ತದೆ. ನಮ್ಮ ಲೆಕ್ಕದ 1,690 ನ್ಯೂಟನ್ ಮೀಟರನ್ನು ಚಕ್ರದಲ್ಲಿ ಹಿಡಿಯುವ ಬದಲು ಶಾಫ್ಟಿನಲ್ಲಿ ಹಿಡಿದರೆ, ಅನುಪಾತ 4.3 ಇದ್ದಾಗ, ಸುಮಾರು 393 ಸಾಕು. ಕೆಸರಿನಿಂದಲೂ ಅದು ಎತ್ತರದಲ್ಲಿರುತ್ತದೆ, ಚಕ್ರದ ಏರಿಳಿತಕ್ಕೂ ಅದರ ಕೇಬಲ್ಲಿಗೂ ಸಂಬಂಧವಿಲ್ಲ.

ತೊಂದರೆ ಇರುವುದು ಡಿಫರೆನ್ಷಿಯಲ್‌ನಲ್ಲಿ. ಶಾಫ್ಟ್ ಹಿಡಿದಿದ್ದರೂ ಒಂದು ಚಕ್ರ ಒಂದು ಕಡೆಗೆ, ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗಬಲ್ಲದು. ಒಂದು ಹಿಂಚಕ್ರವನ್ನು ಜಾಕ್ ಮೇಲೆ ಎತ್ತಿದರೆ, ಅಥವಾ ಅದು ಗುಂಡಿಯಲ್ಲಿ ತೇಲಿದರೆ, ನೆಲದ ಮೇಲಿರುವ ಚಕ್ರ ಬಿಡುಗಡೆಯಾಗಿ ಗಾಡಿ ಹೊರಟೇಬಿಡುತ್ತದೆ. ಇಂಥ ಬ್ರೇಕಿನ ಗಾಡಿಯಲ್ಲಿ ಅಡೆ ಕೊಡದೆ ಹಿಂಚಕ್ರ ಎತ್ತುವುದು ಜೀವಕ್ಕೆ ಕುತ್ತು. ಚಲಿಸುವಾಗ ಎಳೆದರೆ ಶಾಫ್ಟು, ಯೂನಿವರ್ಸಲ್ ಜಾಯಿಂಟುಗಳಿಗೆ ಪೆಟ್ಟು. ಯೂನಿವರ್ಸಲ್ ಜಾಯಿಂಟ್ ಮುರಿದರೆ ಬ್ರೇಕೇ ಇಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲ್ ಸೋರಿದರೆ ಆಯಿಲ್ ನೇರವಾಗಿ ಅದೇ ಶೂಗಳ ಮೇಲೆ. ಈ ಮಾಲೀಕರು ಒಬ್ಬರೇ ದೂರ ಹೋಗುವವರು, ಟೈರ್ ಪಂಕ್ಚರ್ ಆದರೆ ಎಲ್ಲೆಂದರಲ್ಲಿ ಜಾಕ್ ಹಾಕುವವರು. ಎರಡು ಚಕ್ರಗಳನ್ನೂ ಪ್ರತ್ಯೇಕವಾಗಿ ಹಿಡಿಯುವ ವ್ಯವಸ್ಥೆ ಬಿಟ್ಟು ಇದಕ್ಕೆ ಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ.

ಹಿಂದೆ ಡಿಸ್ಕ್ ಹಾಕಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನಲ್ಲೇ ಹ್ಯಾಂಡ್‌ಬ್ರೇಕಿನ ತೋಳು ಇರುವಂಥದ್ದನ್ನು ಕೂರಿಸುವುದು ಇನ್ನೊಂದು ದಾರಿ. ಕಾಲಿನ ಬ್ರೇಕಿಗೆ ಡಿಸ್ಕ್ ಒಳ್ಳೆಯದು, ನೀರಿನಿಂದ ಬೇಗ ಚೇತರಿಸಿಕೊಳ್ಳುತ್ತದೆ. ನಿಲ್ಲಿಸಿ ಹಿಡಿಯುವ ಕೆಲಸಕ್ಕೆ ಡ್ರಮ್ಮೇ ಮೇಲು. ಡ್ರಮ್ ತಿರುಗಲು ಹೊರಟಾಗ ಮುಂದಾಳು ಶೂವನ್ನು ತಾನೇ ಒಳಗೆ ಎಳೆದುಕೊಂಡು ಹಿಡಿತ ಹೆಚ್ಚಿಸಿಕೊಳ್ಳುತ್ತದೆ. ಪ್ಯಾಡಿಗೆ ಈ ಸೌಲಭ್ಯ ಇಲ್ಲ, ಅದು ಕೇಬಲ್ ಒತ್ತಿದಷ್ಟೇ ಒತ್ತುತ್ತದೆ. ಮೇಲಾಗಿ, ಇಳಿಜಾರು ಇಳಿದು ಬಿಸಿಯಾದ ಡಿಸ್ಕನ್ನು ಹಿಡಿಸಿ ನಿಲ್ಲಿಸಿದರೆ, ಅದು ತಣಿದು ತೆಳುವಾದಂತೆ ಹಿಡಿತ ಸಡಿಲವಾಗುತ್ತದೆ. ಡ್ರಮ್ ತಣಿದಾಗ ಕುಗ್ಗಿ ಶೂಗಳ ಮೇಲೆ ಇನ್ನಷ್ಟು ಕೂರುತ್ತದೆ. ಕ್ಯಾಲಿಪರಿನ ತೋಳೂ ಬಯಲಿನಲ್ಲೇ ಇರುವುದರಿಂದ ತುಕ್ಕಿನ ಸಮಸ್ಯೆ ಜಾಗ ಬದಲಿಸುತ್ತದೆ ಅಷ್ಟೇ. ಡಿಸ್ಕಿನ ನಡುವಿನ ಟೊಪ್ಪಿಯೊಳಗೆ ಪುಟ್ಟ ಡ್ರಮ್ ಇರುವ ವಿನ್ಯಾಸ ಇವೆರಡರ ಒಳ್ಳೆಯ ಮೇಳ, ಆದರೆ ಈ ಆಕ್ಸಲ್ಲಿಗೆ ಅದು ನೇರವಾಗಿ ಕೂರುವಂಥದ್ದಲ್ಲ.

ಬ್ರೇಕ್ ಪೈಪಿನಲ್ಲಿ ಕವಾಟ ಹಾಕಿ ಒತ್ತಡವನ್ನು ಒಳಗೇ ಬಂಧಿಸುವ ಲೈನ್ ಲಾಕ್ ಎಲ್ಲಕ್ಕಿಂತ ಅಗ್ಗ, ಕೂರಿಸುವುದೂ ಸುಲಭ. ಪಾರ್ಕಿಂಗ್ ಬ್ರೇಕಿನ ಬದಲಿಗೆ ಅದನ್ನು ಹಾಕುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಬಂಧಿಸಿದ ಒತ್ತಡ ಸೀಲುಗಳಿಂದ ಇಳಿಯುತ್ತದೆ, ದ್ರವ ತಣಿದಾಗಲೂ ಇಳಿಯುತ್ತದೆ. ಪೈಪ್ ಒಡೆದರೆ ಕಾಲಿನ ಬ್ರೇಕ್, ಹ್ಯಾಂಡ್‌ಬ್ರೇಕ್ ಎರಡೂ ಒಟ್ಟಿಗೇ ಹೋಗುತ್ತವೆ. ವಿಶ್ವಸಂಸ್ಥೆಯ ನಿಯಮ ಚಾಲಕನಿಲ್ಲದಾಗ ಗಾಡಿಯನ್ನು ಹಿಡಿಯುವ ಭಾಗ ಶುದ್ಧ ಯಾಂತ್ರಿಕವಾಗಿ ಲಾಕ್ ಆಗಿರಬೇಕು ಎಂದಿರುವುದು ಈ ಕಾರಣಕ್ಕೇ. ವಿಂಚ್ ಹಾಕುವಾಗ ನಾಲ್ಕೂ ಚಕ್ರ ಹಿಡಿದಿರಲಿ ಎಂದು ಹೆಚ್ಚುವರಿಯಾಗಿ ಇಟ್ಟುಕೊಳ್ಳಬಹುದು, ಅಷ್ಟೇ.

ಇರುವ ಡ್ರಮ್ ಬ್ರೇಕಿನ ವಿನ್ಯಾಸದಲ್ಲಿ ದೋಷವಿರಲಿಲ್ಲ. ಅದನ್ನೇ ಸರಿಪಡಿಸಿ, ಕೆಸರು ಸೇರುವ ದಾರಿಗಳನ್ನು ಮುಚ್ಚುವುದೆಂದು ತೀರ್ಮಾನವಾಯಿತು.

ಮಾಡಿದ ಕೆಲಸ

ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಲಿಲ್ಲ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು. ಬ್ರೇಕ್ ಕ್ಲೀನರಿನಿಂದ ತೋಯಿಸಿ ಒರೆಸಿಯೇ ತೆಗೆಯಬೇಕು. ಒಂದು ಕಡೆ ಬಿಚ್ಚಿದಾಗ ಇನ್ನೊಂದು ಕಡೆಯನ್ನು ಹಾಗೇ ಬಿಟ್ಟೆವು, ಸ್ಪ್ರಿಂಗ್ ಎಲ್ಲಿ ಕೂರುತ್ತದೆ ಎಂದು ನೋಡಿಕೊಳ್ಳಲು. ಸ್ಟಾರ್ ವೀಲ್ ಎಂಬ ಹಲ್ಲಿನ ಚಕ್ರವಿರುವ ಈ ಅಡ್ಜಸ್ಟರುಗಳ ತಿರುಪಿನ ಎಳೆ (ಥ್ರೆಡ್) ಎಡಕ್ಕೆ ಒಂದು ದಿಕ್ಕು, ಬಲಕ್ಕೆ ಇನ್ನೊಂದು. ಅದಲುಬದಲಾದರೆ ಹ್ಯಾಂಡ್‌ಬ್ರೇಕ್ ಎಳೆದಷ್ಟೂ ಶೂ ಹತ್ತಿರ ಬರುವ ಬದಲು ದೂರ ಹೋಗುತ್ತದೆ.

ಬಲಗಡೆಯ ಬೆಲ್ ಕ್ರ್ಯಾಂಕಿನ ಪಿನ್ ಉಳಿಯಲಿಲ್ಲ. ಹೊಸ ಪಿನ್, ಹೊಸ ತೋಳು, ನೀರಿಗೆ ಕರಗದ ಗ್ರೀಸು, ಎರಡೂ ಕಡೆ ಹೊಸ ಬೂಟು. ಶೂಗಳನ್ನು ನಾಲ್ಕೂ ಬದಲಾಯಿಸಿದೆವು. ಆಯಿಲ್ ಹೀರಿದ ಲೈನರನ್ನು ಸುಟ್ಟು, ತೊಳೆದು ಮತ್ತೆ ಹಾಕುವವರಿದ್ದಾರೆ. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ. ಒಂದೇ ಕಡೆ ಹೊಸದು ಹಾಕಿದರೆ ಎರಡು ಚಕ್ರಗಳ ಹಿಡಿತ ಬೇರೆಯಾಗಿ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಬ್ಯಾಕ್ ಪ್ಲೇಟಿನಲ್ಲಿ ಶೂ ಉಜ್ಜುವ ಮೆಟ್ಟಿಲುಗಳನ್ನು ಸವರಿ ತೆಳ್ಳಗೆ ಬ್ರೇಕ್ ಗ್ರೀಸ್ ಹಚ್ಚಿದೆವು. ಎಡ ಆಕ್ಸಲ್ ಸೀಲ್, ಡಿಫರೆನ್ಷಿಯಲ್ ಆಯಿಲ್ ಹೊಸವು. ಬ್ರೀದರನ್ನು ತೆಗೆದು ಅದರ ಜಾಗದಲ್ಲಿ ಕೊಳವೆ ಜೋಡಿಸಿ, ತುದಿಯನ್ನು ಬಾಡಿಯೊಳಗೆ ಎತ್ತರದಲ್ಲಿ ಕಟ್ಟಿದೆವು.

ಕೇಬಲ್ಲಿಗೆ ಚಾಸಿಯ ಮೇಲಿದ್ದ ಹಿಡಿಕೆಯನ್ನು ಕೆಳಕ್ಕೂ ಸ್ವಲ್ಪ ಹಿಂದಕ್ಕೂ ತರುವ ಬ್ರಾಕೆಟ್ ಮಾಡಿಸಿದೆವು. ಆಕ್ಸಲ್ಲನ್ನು ಪೂರ್ತಿ ಇಳಿಬಿಟ್ಟೂ ಪೂರ್ತಿ ಮೇಲೆತ್ತಿಯೂ ನೋಡಿ, ಎಲ್ಲೂ ಸೆಟೆಯದೆ, ಎಲ್ಲೂ ಮಡಚದೆ, ಸೈಲೆನ್ಸರ್ ಪೈಪಿಗೆ ತಾಗದೆ ಇರುವಂತೆ ದಾರಿ ಗೊತ್ತುಮಾಡಿದೆವು.

ಇನ್ನು ಹೊಂದಾಣಿಕೆ. ಇಡೀ ಕೆಲಸದಲ್ಲಿ ಅವಸರ ಮಾಡಲೇಬಾರದ ಭಾಗ ಇದು, ಕ್ರಮ ತಪ್ಪಿದರೆ ಉಳಿದದ್ದೆಲ್ಲ ನೀರುಪಾಲು. ಮೊದಲು ಈಕ್ವಲೈಸರಿನ ನಟ್ ಪೂರ್ತಿ ಸಡಿಲ. ಕೇಬಲ್ ಇಲ್ಲವೆಂದೇ ತಿಳಿದು ಮುಂದುವರಿಯಬೇಕು. ಡ್ರಮ್ ಹಾಕಿ, ಬ್ಯಾಕ್ ಪ್ಲೇಟಿನ ಕಿಂಡಿಯಿಂದ ಸ್ಟಾರ್ ವೀಲನ್ನು ಚಕ್ರ ತಿರುಗದಷ್ಟು ಬಿಗಿದು, ಆಮೇಲೆ ಒಂದೊಂದೇ ಹಲ್ಲು ಹಿಂದೆ ತಂದು, ಸರಾಗವಾಗಿ ತಿರುಗುತ್ತ ಎಲ್ಲೋ ಒಂದೆಡೆ ಮಾತ್ರ ಶೂ ಸವರುವ ಸದ್ದು ಕೇಳುವಲ್ಲಿಗೆ ನಿಲ್ಲಿಸಬೇಕು. ಪೆಡಲನ್ನು ಕೆಲವು ಸಲ ಜೋರಾಗಿ ತುಳಿದರೆ ಶೂಗಳು ನಡುವಿಗೆ ಬಂದು ಕೂರುತ್ತವೆ. ಆಗ ಮತ್ತೆ ನೋಡಿ ಸರಿಪಡಿಸಬೇಕು. ನಂತರ ಬೆಲ್ ಕ್ರ್ಯಾಂಕಿನ ತಡೆಬೋಲ್ಟ್: ತೋಳು ವಿಶ್ರಾಂತಿಯಲ್ಲಿದ್ದಾಗ ಒಳಗಿನ ಲಿವರಿಗೆ ಒಂದು ಮಿ.ಮೀ.ಗಿಂತ ಕಡಿಮೆ ಸಡಿಲ ಉಳಿಯಬೇಕು. ಕೇಬಲ್ಲಿನ ಸರದಿ ಕಟ್ಟಕಡೆಗೆ. ಜೋಲು ಹೋಗುವಷ್ಟೇ ಬಿಗಿಯಬೇಕು, ತೋಳು ತಡೆಬೋಲ್ಟಿನಿಂದ ಮೇಲೇಳುವಷ್ಟಲ್ಲ.

ಲಿವರಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ 20 ಕೆ.ಜಿ. ಎಳೆತ ಬರುವವರೆಗೆ ಎಳೆದಾಗ ಏಳು ಕ್ಲಿಕ್. ಎರಡೂ ಚಕ್ರ ಸಮನಾಗಿ ಬಿಗಿ, ಬಿಟ್ಟಾಗ ಎರಡೂ ಸಡಿಲ. ಪೆಡಲ್ ಮೊದಲ ತುಳಿತಕ್ಕೇ ಮೇಲೆ ನಿಂತಿತು. ಮಾಸ್ಟರ್ ಸಿಲಿಂಡರನ್ನು ಯಾರೂ ಮುಟ್ಟಿರಲಿಲ್ಲ.

ಮತ್ತೆ ಇಳಿಜಾರಿಗೆ

ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳುವ ಮೊದಲು ಹಿಡಿತ ಪೂರ್ತಿ ಬರುವುದಿಲ್ಲ. ಆದ್ದರಿಂದ ಕೆಲಕಾಲ ಸಾಧಾರಣವಾಗಿ ಓಡಿಸಿ, ಮೆದುವಾಗಿ ಬ್ರೇಕ್ ಹಾಕುತ್ತ ಬಂದ ಮೇಲೆಯೇ ಪರೀಕ್ಷೆ. ಅದೇ ಇಳಿಜಾರು, ಅದೇ ಹೊರೆ, ಟೂ ಹೈ, ನ್ಯೂಟ್ರಲ್. ಮೂತಿ ಮೇಲೆ ಐದು ನಿಮಿಷ, ಮೂತಿ ಕೆಳಗೆ ಐದು ನಿಮಿಷ. ಗೆರೆ ಅಲುಗಲಿಲ್ಲ. ನೀರಿನಲ್ಲಿ ನಿಲ್ಲಿಸಿ ಡ್ರಮ್ ತೋಯಿಸಿ ಮತ್ತೆ ನೋಡಿದಾಗ ಲಿವರನ್ನು ಒಂದೆರಡು ಕ್ಲಿಕ್ ಹೆಚ್ಚು ಎಳೆಯಬೇಕಾಯಿತು, ಆದರೆ ನಿಂತಿತು. ಒಂದು ಹಿಂಚಕ್ರವನ್ನು ಗುಂಡಿಯಲ್ಲಿ ಇಳಿಬಿಟ್ಟು ನೋಡಿದಾಗ ಕೇಬಲ್ ತಾನಾಗಿ ಎಳೆದುಕೊಳ್ಳಲಿಲ್ಲ.

ಮಾಲೀಕರ ಬಯಕೆಯಂತೆ 20 ಡಿಗ್ರಿಯ ಕಡಿದಾದ, ಸಡಿಲ ಕಲ್ಲಿನ ದಾರಿಯಲ್ಲೂ ನೋಡಿದೆವು, ಮೇಲಿನಿಂದ ವಿಂಚಿನ ಹಗ್ಗ ಕಟ್ಟಿಕೊಂಡು. ಮೂತಿ ಮೇಲೆ ಮಾಡಿದಾಗ ನಿಂತಿತು. ಮೂತಿ ಕೆಳಗೆ ಮಾಡಿದಾಗ ಜಾರಿತು. ಗೆರೆ ಮಾತ್ರ ಇದ್ದಲ್ಲೇ ಇತ್ತು: ಚಕ್ರ ಲಾಕ್ ಆಗಿದೆ, ಟೈರು ಕಲ್ಲಿನ ಮೇಲೆ ಜಾರುತ್ತಿದೆ. ಇದನ್ನು ಅವರಿಗೆ ಲೆಕ್ಕದಲ್ಲೇ ತೋರಿಸಿದೆ. ಚಕ್ರಾಂತರ 2.6 ಮೀಟರ್, ಗುರುತ್ವ ಕೇಂದ್ರದ ಎತ್ತರ 0.8 ಮೀಟರ್, ಸಮತಟ್ಟಿನಲ್ಲಿ ಮುಂದೆ ಹಿಂದೆ ಸಮಭಾರ ಎಂದಿಟ್ಟುಕೊಳ್ಳಿ. 20 ಡಿಗ್ರಿಯಲ್ಲಿ ಗಾಡಿಯನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 752 ಕೆ.ಜಿ. ಮೂತಿ ಮೇಲಿದ್ದರೆ ಹಿಂಚಕ್ರಗಳ ಮೇಲೆ 1,265 ಕೆ.ಜಿ. ಭಾರ ಬೀಳುತ್ತದೆ, 0.6ರಷ್ಟು ಘರ್ಷಣ ಗುಣಾಂಕ ಸಾಕು. ಮೂತಿ ಕೆಳಗಿದ್ದರೆ ಹಿಂದೆ ಉಳಿಯುವ ಭಾರ 802 ಕೆ.ಜಿ. ಮಾತ್ರ, ಬೇಕಾದ ಗುಣಾಂಕ 0.94, ಸಡಿಲ ಕಲ್ಲಿನ ಮೇಲೆ ಅಷ್ಟು ಸಿಗುವುದೇ ಇಲ್ಲ. ಫೋರ್ ಲೋಗೆ ಹಾಕಿದರೆ ಹಿಂದಿನ ಬ್ರೇಕಿನ ಹಿಡಿತ ಟ್ರಾನ್ಸ್‌ಫರ್ ಕೇಸಿನ ಮೂಲಕ ಮುಂದಿನ ಚಕ್ರಗಳಿಗೂ ಹೋಗುತ್ತದೆ, ಆಗ 0.36 ಸಾಕಾಗುತ್ತದೆ. ಫೋರ್ ಲೋ ಹಾಕಿ ಮತ್ತೆ ನಿಲ್ಲಿಸಿದೆವು. ನಿಂತಿತು.

ಬಳಕೆಯ ಬಗ್ಗೆ ಅವರಿಗೆ ಹೇಳಿದ್ದು ಇಷ್ಟೇ: ಬೇಕಿರಲಿ ಬಿಡಲಿ, ನಿಲ್ಲಿಸಿದಾಗಲೆಲ್ಲ ಹ್ಯಾಂಡ್‌ಬ್ರೇಕ್ ಎಳೆಯಿರಿ, ಎಳೆದರೇ ಅಡ್ಜಸ್ಟರಿಗೆ ಕೆಲಸ, ತೋಳಿಗೆ ಚಲನೆ. ಕೆಸರಿನಿಂದ ಬಂದ ಮೇಲೆ ಬೆಲ್ ಕ್ರ್ಯಾಂಕಿಗೆ ನೀರು ಬಿಟ್ಟು ತೊಳೆಯಿರಿ. ನೀರು ದಾಟಿ ಬಂದ ರಾತ್ರಿ ಮಾತ್ರ, ಸಮತಟ್ಟಿನಲ್ಲಿದ್ದರೆ, ಬ್ರೇಕ್ ಬಿಟ್ಟು ಗೇರಿನಲ್ಲಿಟ್ಟು ಚಕ್ರಕ್ಕೆ ಅಡೆ ಕೊಡಿ; ತೊಯ್ದ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ.

ಕೆಲವು ತಿಂಗಳ ನಂತರ ಗಾಡಿ ಮತ್ತೆ ಬಂದಾಗ ಲಿವರ್ ಎಂಟು ಕ್ಲಿಕ್‌ಗೆ ನಿಲ್ಲುತ್ತಿತ್ತು. ಕೇಬಲ್ ಮುಟ್ಟದೆ ಡ್ರಮ್ ತೆಗೆದೆವು. ಎರಡೂ ತೋಳು ಬೆರಳಿನಿಂದ ತಳ್ಳಿದರೆ ಸಾಕು ಆಡುತ್ತಿದ್ದವು, ಎಡ ಸೀಲಿನಲ್ಲಿ ಸೋರಿಕೆ ಇರಲಿಲ್ಲ, ಲೈನರ್ ಎರಡೂ ಕಡೆ ಸಮನಾಗಿ ಸವೆದಿತ್ತು. ಸ್ಟಾರ್ ವೀಲುಗಳ ಮೇಲೆ ಕೂತಿದ್ದ ಹೂಳು ತೆಗೆದು ಒಂದೊಂದು ಹಲ್ಲು ಮುಂದಿಟ್ಟಾಗ ಮತ್ತೆ ಏಳಕ್ಕೆ ಬಂತು. ಬಲ ಡ್ರಮ್ 256ರ ಮಿತಿಗೆ ಹತ್ತಿರವಾಗುತ್ತಿದೆ. ಮುಂದಿನ ಸಲ ಶೂ ಹಾಕುವಾಗ ಎರಡೂ ಡ್ರಮ್ಮುಗಳನ್ನು ಜೊತೆಯಲ್ಲೇ ಬದಲಾಯಿಸಬೇಕೆಂದು ಗಾಡಿಯ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.